ಆರನೆಯ ಜ್ಯೇಷ್ಠ

ದ್ರಾಕ್ಷಿ ಕೊಳ್ಳುವಾಗ ಮೇಲಿನ ಗೊಂಚಲು ನೋಡಿ ಮರುಳಾಗಬೇಡಿ. ಕ್ರೇಟಿನ ಮೇಲೆ ಯಾರ ತೋಟದ ಹೆಸರು ಬರೆದಿದೆ ಎಂದೂ ನೋಡಬೇಡಿ. ಕೈಯನ್ನು ತಳಕ್ಕೆ ಇಳಿಸಿ ಅಲ್ಲಿಂದ ಒಂದು ಗೊಂಚಲು ಮೇಲೆತ್ತಿ. ಮಾರುವವನ ಮುಖ ಸಣ್ಣಗಾಯಿತೋ, ಆ ಕ್ರೇಟು ಬಿಟ್ಟು ಮುಂದೆ ನಡೆಯಿರಿ. ಮದುವೆಯಾಗಿ ಬೀದರ್ ಕಡೆಯಿಂದ ನಾಸಿಕಕ್ಕೆ ಬಂದ ಹೊಸತರಲ್ಲಿ ನಾನು ಪಿಂಪಳಗಾಂವ್ ಬಸವಂತದ ಮಾರ್ಕೆಟ್ಟಿನಿಂದ ದ್ರಾಕ್ಷಿ ತಂದು ನಮ್ಮ ಕಾಲನಿಯಲ್ಲಿ ಮನೆಮನೆಗೆ ಮಾರುತ್ತಿದ್ದೆ. ಆಮೇಲೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಕೆಲಸ ಹಿಡಿದೆ. ಈಗ ನಮ್ಮ ಹಿತ್ತಲಿನಲ್ಲಿ ನಾಲ್ಕಾರು ಹೆಂಗಸರು ರೊಟ್ಟಿ ಬಡಿಯುತ್ತಾರೆ, ನಾನು ಅಂಗಡಿ ಅಂಗಡಿ ತಿರುಗಿ ಗಿರಾಕಿ ಹಿಡಿಯುತ್ತೇನೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಕೊಳೆತ ದ್ರಾಕ್ಷಿ ಕಲಿಸಿತು.

ನಮ್ಮ ಮನೆಯವರದು ಇದಕ್ಕೆ ಪೂರಾ ಉಲ್ಟಾ. ಅವರು ಹೆಸರು ನೋಡಿ ಮಾಲು ತರುವವರು. ಮನೆಯ ಕಪಾಟಿನಲ್ಲಿ ಅವರು ಕೂಡಿಸಿಟ್ಟ ಐದು ಪುಸ್ತಕ ಇದ್ದವು. ಐದಕ್ಕೂ ಒಂದೇ ಹೆಸರು, ಜ್ಯೇಷ್ಠ. ಒಂದು ಮರಾಠಿ ಕವಿತೆಗಳದು. ಒಂದು ಹಿಂದಿ ಕಥೆಗಳದು, ಅದರ ಮೇಲೆ ‘ಜೇಠ್’ ಅಂತ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಒಂದು ಕನ್ನಡದ್ದು, ಆ ತಿಂಗಳಲ್ಲಿ ಮಾಡಬೇಕಾದ ವ್ರತಗಳ ಬಗ್ಗೆ. ಇನ್ನೊಂದು ಕನ್ನಡದ್ದು ಕೊಲೆಯ ಕಥೆ. ಐದನೆಯದು ದಪ್ಪನೆಯ ಮರಾಠಿ ಕಾದಂಬರಿ, ಅದರೊಳಗೆ ಜ್ಯೇಷ್ಠ ಮಾಸದ ಮಾತೇ ಬರುವುದಿಲ್ಲವಂತೆ. ಬರೆದವನು ಇದಕ್ಕೆ ಯಾಕೆ ಆ ಹೆಸರು ಇಟ್ಟ ಅಂತ ಇವರು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ನಾನು ಹೇಳಿದೆ, "ನೋಡ್ರಿ, ಮಾರ್ಕು ನೋಡಿ ಪೆಟ್ಟಿಗಿ ತಂದ್ರ ಹಿಂಗೇ ಆಗ್ತದ."

ಅವರು ಹುಡುಕುತ್ತಿದ್ದದ್ದು ಈ ಐದರಲ್ಲಿ ಯಾವುದೂ ಅಲ್ಲ. ಸಿನ್ನರಿನ ಕಾರಖಾನೆಯಲ್ಲಿ ನೌಕರಿ ಸಿಕ್ಕಿ ಮೊದಲ ಸಲ ಬೀದರಿನಿಂದ ಈ ಕಡೆ ಬರುವಾಗ ರೈಲಿನಲ್ಲಿ ಎದುರಿಗೆ ಕೂತವನು ಓದಲಿಕ್ಕೆ ಒಂದು ಕನ್ನಡ ಪುಸ್ತಕ ಕೊಟ್ಟನಂತೆ. ಪೇಪರಿನ ಹೊದಿಕೆ ಹಾಕಿ ಮೇಲೆ ಮಸಿಯಲ್ಲಿ ‘ಜ್ಯೇಷ್ಠ’ ಅಂತ ಬರೆದಿತ್ತು. ಬಾವಿ ತೋಡುವ ಒಬ್ಬನ ಕಥೆ. ಬೇರೆಯವರ ಹೊಲದಲ್ಲಿ ಬಾವಿ ತೋಡಿಕೊಡುವುದು ಅವನ ಕಸುಬು. ಬಿರುಬಿಸಿಲು, ಅವನು ಕೆಳಗೆ ಅಗಿಯುತ್ತಾನೆ, ಹೆಂಡತಿ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಾಳೆ. ಅವನು ಹತ್ತಿ ಇಳಿಯುವುದೂ ಅದೇ ಹಗ್ಗದ ಮೇಲೆ. ಒಂದು ಮಧ್ಯಾಹ್ನ ಹಗ್ಗದ ಒಂದು ಎಳೆ ಕಿತ್ತುಹೋದದ್ದು ಆಕೆಯ ಕಣ್ಣಿಗೆ ಬೀಳುತ್ತದೆ. ಕೂಗಿ ಹೇಳಿದರೆ ಕೆಳಗಿರುವ ಗಂಡ ಹೆದರಿ ಗಡಿಬಿಡಿಯಲ್ಲಿ ಹಗ್ಗಕ್ಕೇ ಜೋತುಬೀಳುತ್ತಾನೆ. ಹೇಳದಿದ್ದರೆ ಸಂಜೆಗೆ ಅದೇ ಹಗ್ಗ ಹಿಡಿದು ಮೇಲೆ ಬರುತ್ತಾನೆ. ಆಕೆ ಬಾಯಿ ತೆರೆದು ನಿಂತಿದ್ದಾಳೆ. ಅಷ್ಟರಲ್ಲಿ ಮನಮಾಡ ಬಂತು. ಪುಸ್ತಕದ ಯಜಮಾನ ಕೈಯಿಂದ ಪುಸ್ತಕ ತೆಗೆದುಕೊಂಡು, ಬರ್ತೀನ್ರಿ ಅಂತ ಇಳಿದು ಹೋದ. ಬರೆದವರು ಯಾರು ಅಂತ ಇವರು ಕೇಳಿರಲಿಲ್ಲ.

ಅಂದಿನಿಂದ ಇವರು ಆ ಬಾವಿಯ ದಂಡೆಯ ಮೇಲೇ ನಿಂತವರು. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ಆಕಿ ಕೂಗಿದಳೋ ಇಲ್ಲೋ" ಅನ್ನುವರು. ಮಗಳು ಸಣ್ಣವಳಿದ್ದಾಗ ಮರಾಠಿಯಲ್ಲಿ "ಯಾರು ಪಪ್ಪಾ" ಅಂತ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ, "ನಿಮ್ಮಪ್ಪನ ಮೊದಲನೇ ಹೆಂಡತಿ."

ಹೋದ ವರ್ಷ ಜ್ಯೇಷ್ಠ ಬರುವ ಹೊತ್ತಿಗೆ ನಾಸಿಕದಲ್ಲಿ ಉಸಿರು ಕಟ್ಟುವ ಸೆಖೆ. ಮೋಡ ಬರುತ್ತದೆ, ನಿಂತು ನೋಡುತ್ತದೆ, ಹೋಗುತ್ತದೆ. ಕಾರಖಾನೆಯಿಂದ ಮನೆಗೆ ಬಂದ ಇವರು ಒಂದು ಸಂಜೆ ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಚೀಲ ಮಡಿಲಲ್ಲಿ ಇಟ್ಟುಕೊಂಡು, ಯಾರಿಗೋ ಕಾಯುತ್ತಿರುವವರ ಹಾಗೆ. ನಾನು ಒಳಗಿಂದ, "ಬಿಸಲಾಗ ಯಾಕ್ ಕುಂತ್ರಿ" ಅಂದೆ. ಹೊರಗೆ ಬಂದು ನೋಡಿದರೆ ಅಂಗಿ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿದೆ, ಎಡಗೈ ಬಲಗೈಯಲ್ಲಿ ಹಿಡಿದುಕೊಂಡಿದ್ದಾರೆ. "ಏನಿಲ್ಲ, ಗ್ಯಾಸ್" ಅಂದರು. ಒಂದು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಐವತ್ತು ದಾಟಿದ ಗಂಡಸು ಬೆವತುಕೊಂಡು ಗ್ಯಾಸ್ ಅಂದರೆ ನಂಬಬೇಡಿ, ಸೋಡಾ ಕುಡಿಸುತ್ತಾ ಕೂಡಬೇಡಿ. ರಿಕ್ಷಾ ಕರೆಯಿರಿ.

ನಾನು ರಿಕ್ಷಾ ಕರೆದೆ. ಆಸ್ಪತ್ರೆಯಲ್ಲಿ ಕೈಯ ನರದಲ್ಲಿ ತಂತಿ ಹಾಕಿ ನೋಡಿದರು. ಹೃದಯಕ್ಕೆ ಹೋಗುವ ಮೂರು ದಾರಿ ಮುಚ್ಚಿಕೊಂಡಿವೆ, ಎದೆ ತೆರೆದು, ಕಾಲಿನ ನರ ತೆಗೆದು ಜೋಡಿಸಬೇಕು ಅಂದರು. ನಾನು ಜೀವಮಾನದಲ್ಲಿ ಕೊತ್ತಂಬರಿ ಸಿವುಡನ್ನೂ ಚೌಕಾಶಿ ಮಾಡದೆ ಕೊಂಡವಳಲ್ಲ. ಆ ದಿನ ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದೆ. ಹೊರಗೆ ಬಂದ ಮೇಲೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಪರೇಷನ್ ಸಂಭಾಜಿನಗರದಲ್ಲಿ ಅಂತ ಗೊತ್ತು ಮಾಡಿದೆವು. ನನ್ನ ಅಣ್ಣ ಅಲ್ಲಿ ಬ್ಯಾಂಕಿನಲ್ಲಿದ್ದು ಈಗ ರಿಟೈರ್ ಆಗಿದ್ದಾನೆ. ಮನೆಯಿಂದ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ, ಅವನ ಹೆಂಡತಿ, ನಮ್ಮ ವೈನಿ, ಊಟದ ಡಬ್ಬಿ ತರಬಲ್ಲಳು, ಅಣ್ಣ ಪಾಳಿಗೆ ಕೂಡಬಲ್ಲ. ಇದನ್ನೂ ಹೇಳಿಬಿಡುತ್ತೇನೆ: ಆಸ್ಪತ್ರೆ ಆರಿಸುವಾಗ ಡಾಕ್ಟರು ಒಬ್ಬರನ್ನೇ ನೋಡಬೇಡಿ, ಹೊರಗಿನ ಬೆಂಚಿನ ಮೇಲೆ ನಿಮ್ಮ ಜೊತೆ ಯಾರು ಕೂಡುತ್ತಾರೆ ಅದನ್ನೂ ನೋಡಿ.

ಬಾಡಿಗೆ ಕಾರಿನಲ್ಲಿ ಹೋದೆವು. ಮಗಳು ಪರೀಕ್ಷೆ ಮುಗಿಸಿ ಹಿಂದಿನಿಂದ ಬರುವುದು ಅಂತ ಮಾತಾಗಿತ್ತು. ದಾರಿಯುದ್ದಕ್ಕೂ ನನ್ನ ಕಣ್ಣು ಬೋರ್ಡುಗಳ ಮೇಲೆ. ಯೇವಲೆಯಲ್ಲಿ ಇಷ್ಟು ದವಾಖಾನೆ, ವೈಜಾಪುರದಲ್ಲಿ ಇಷ್ಟು. ಎರಡರ ನಡುವೆ ಏನೂ ಇಲ್ಲದ ಬಯಲು ಬಂದಾಗ ಡ್ರೈವರಿಗೆ, "ಜರಾ ಲವಕರ್ ಚಲಾ" ಅನ್ನುತ್ತಿದ್ದೆ. ಅವನು ಜೋರು ಓಡಿಸಿದರೆ, "ಹಳೂ" ಅನ್ನುತ್ತಿದ್ದೆ. ಗಂಗಾಪುರಕ್ಕೆ ಹೊರಳುವ ದಾರಿ ಬಂದಾಗ ಅವನು ಕನ್ನಡಿಯಲ್ಲಿ ನೋಡಿ, ಬೇಗನೋ ನಿಧಾನವೋ ಒಂದು ಹೇಳಿ ತಾಯಿ ಅಂದ. ಇವರು ಮಾತ್ರ ಹೊಲ ನೋಡುತ್ತಾ ಕೂತಿದ್ದರು. ಒಂದು ಕಡೆ ಹೊಸ ಬಾವಿ ತೋಡುತ್ತಿದ್ದರು, ಕ್ರೇನಿನಿಂದ ಕಲ್ಲು ಎತ್ತುತ್ತಿದ್ದರು. ಕಾರು ದಾಟಿ ಹೋದ ಮೇಲೂ ಇವರು ಕುತ್ತಿಗೆ ಹೊರಳಿಸಿ ಅದನ್ನೇ ನೋಡಿದರು.

ರಕ್ತ ತೆಳು ಮಾಡುವ ಗುಳಿಗೆ ನಿಲ್ಲಿಸಿ ಕೆಲವು ದಿನ ಬಿಟ್ಟೇ ಆಪರೇಷನ್ ಮಾಡುವುದಂತೆ. ಹಾಗಾಗಿ ಅಣ್ಣನ ಮನೆಯಲ್ಲಿ ಕಾಯುವುದಾಯಿತು. ಆ ಕಾಯುವಿಕೆಯಲ್ಲಿ ನನಗೆ ತಿಳಿದದ್ದು, ಇವರಿಗೆ ಭಯವಾಗಿದೆ ಅಂತ. ನೌಕರಿಯಲ್ಲಿ ಇವರದು ತಯಾರಾದ ಮಾಲು ತಪಾಸಿಸುವ ಕೆಲಸ. ಗೆರೆ ಬಿದ್ದ ತುಂಡನ್ನು ಎತ್ತಿ ಬದಿಗಿಡುವ ಕೈ. ಆ ಕೈ ಈಗ ಚಹಾದ ಬಸಿಯನ್ನೂ ತಿರುಗಿಸಿ ತಿರುಗಿಸಿ ಗೆರೆ ಹುಡುಕುತ್ತಿತ್ತು. ಬಾಲ್ಕನಿಯಲ್ಲಿ ಕೂತು ನನ್ನ ಕಡೆ ನೋಡದೆ ಅಂದರು, "ಆಕಿ ಕೂಗಿದಳೋ ಇಲ್ಲೋ, ಅದೊಂದು ತಿಳೀದೇ ಹೋಗ್ತದ ಅನಸ್ತದ."

ನಾನು, "ಹುಚ್ಚರಂಗ ಮಾತಾಡಬ್ಯಾಡ್ರಿ" ಅಂತ ಒಳಗೆ ಹೋಗಿ ಅಡುಗೆಮನೆಯ ನಲ್ಲಿ ಬಿಟ್ಟು, ಅದರ ಸಪ್ಪಳದಲ್ಲಿ ಅತ್ತೆ.

ಕೂತರೆ ಹುಚ್ಚು ಹಿಡಿಯುತ್ತದೆ ಅಂತ ಮರುದಿನ ಹತ್ತು ಗಂಟೆಗೆ ರೊಟ್ಟಿಯ ಎರಡು ಪೊಟ್ಟಣ ಹಿಡಿದು ಹೊರಬಿದ್ದೆ. ಊರು ಬೇರೆಯಾದರೂ ಹೊಟ್ಟೆ ಒಂದೇ ತಾನೆ, ಇಲ್ಲೂ ಗಿರಾಕಿ ಸಿಕ್ಕಾನು ಅಂತ. ಬಸ್ ನಿಲ್ದಾಣದ ಹತ್ತಿರ ಒಂದು ಶಾಕಾಹಾರಿ ಹೋಟೆಲು, ಮಾಲೀಕರು ಉಡುಪಿ ಕಡೆಯವರು. ಗಲ್ಲಾದ ಹಿಂದೆ ದೇವರ ಫೋಟೋ, ಅದರ ಕೆಳಗೆ ಒಂದು ಹಲಗೆಯ ಮೇಲೆ ಕನ್ನಡ ಪುಸ್ತಕಗಳು. ಊರಿನ ಕನ್ನಡದವರು ಬಂದಾಗ ಒಯ್ಯುತ್ತಾರೆ, ತರುತ್ತಾರೆ. ನಾನು ರೊಟ್ಟಿಯ ಮಾತು ತೆಗೆದೆ.

"ನಮ್ಮಲ್ಲಿ ಇಡ್ಲಿ ತಿನ್ಲಿಕ್ಕೆ ಬರ್ತಾರೆ ಅಮ್ಮ. ಈ ಹಪ್ಪಳ ಯಾರಿಗೆ?" ಅಂದರು ಮಾಲೀಕರು.

"ಹಪ್ಪಳ ಅಲ್ರಿ, ರೊಟ್ಟಿ. ಆರ್ ತಿಂಗಳ ಕೆಡಂಗಿಲ್ಲ."

"ಆರು ತಿಂಗಳು ಕೆಡುದಿಲ್ಲ ಅಂದ್ರೆ ಅದು ಊಟ ಅಲ್ಲ ಮಾರಾಯ್ರೆ, ಸಾಮಾನು."

ಮತ್ತೊಂದು ದಿನವಾಗಿದ್ದರೆ ಅವರನ್ನು ಒಪ್ಪಿಸಿಯೇ ಏಳುತ್ತಿದ್ದೆ. ಆದರೆ ಆಗಲೇ ನನ್ನ ಕಣ್ಣು ಹಲಗೆಗೆ ಹೋಗಿತ್ತು. ಬೆನ್ನು ಹರಿದ ಒಂದು ಪುಸ್ತಕ. ಜ್ಯೇಷ್ಠ. ಇಳಿಸಿ ತೋರಿಸಿ ಅಂದೆ. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವಳು ನಾನು. ಬೋರ್ಡು, ಚೀಟಿ, ಮದುವೆ ಪತ್ರಿಕೆ ಬಿಟ್ಟರೆ ಏನೂ ಓದಿದವಳಲ್ಲ. ನಿಂತಲ್ಲೇ ಅಲ್ಲೊಂದು ಇಲ್ಲೊಂದು ಹಾಳೆ ತಿರುವಿದೆ. ಬುಟ್ಟಿ. ಹಗ್ಗ. ಬಾವಿ.

"ಇದಕ್ಕೆಷ್ಟ್ರಿ?"

"ಅದು ಮಾರ್ಲಿಕ್ಕೆ ಇಟ್ಟದ್ದಲ್ಲ."

"ಓದಿ ವಾಪಸ್ ಕೊಡ್ತೀನ್ರಿ."

"ಎಲ್ಲರೂ ಹಾಗೇ ಹೇಳುದು."

"ಎಲ್ಲಾರೂ ಬಾಯಿಲೆ ಹೇಳ್ತಾರ. ನಾ ಈ ರೊಟ್ಟಿ ಒತ್ತೆ ಇಡ್ತೀನಿ. ನೀವೇ ಅಂದ್ರಿ, ಸಾಮಾನು ಅಂತ."

ಅವರು ನಕ್ಕು ಪುಸ್ತಕ ಕೊಟ್ಟರು. ನಾನು ರಸ್ತೆಗೆ ಇಳಿದು ಬೇವಿನ ಗಿಡದ ನೆರಳಿನಲ್ಲಿ ನಿಂತೆ. ಮನೆಗೆ ಹೋಗಿ ಇವರ ಕೈಗೆ ಕೊಟ್ಟರೆ ಮುಖ ಹೇಗಾದೀತು ಅಂತ ಯೋಚಿಸುತ್ತಾ, ಹಳೆಯ ಅಭ್ಯಾಸ ನೋಡಿ, ತಳಕ್ಕೆ ಕೈ ಹಾಕಿದೆ. ಕೊನೆಯ ಹಾಳೆ ತೆರೆದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಾವಿಗೆ ನೀರು ಬಿದ್ದಿತ್ತು. ಊರಿನವರು ದಂಡೆಯ ಸುತ್ತ ನಿಂತಿದ್ದರು. ಅವನನ್ನು ಮೇಲೆ ತಂದು ಮಲಗಿಸಿದ್ದರು, ಹೆಂಡತಿ ಅವನ ಹಣೆಯ ಕೆಸರು ಒರೆಸುತ್ತಿದ್ದಳು, ಅವನಿಗೆ ಜೀವ ಇರಲಿಲ್ಲ.

ಪುಸ್ತಕ ಮುಚ್ಚಿದೆ. ಮೂವತ್ತು ವರ್ಷ ಹುಡುಕಿದ್ದು ಈಗಲೇ ಸಿಗಬೇಕೆ, ಸಿಕ್ಕು ಹೀಗಿರಬೇಕೆ. ಶಕುನ ಅಪಶಕುನ ನಾನು ನಂಬುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇನೋ ಕೆಲಸವಿದೆ ಅನ್ನುವವಳು. ಆದರೂ ಆ ಪುಸ್ತಕ ಚೀಲದಲ್ಲಿ ಇಟ್ಟುಕೊಂಡು ನಡೆಯುವಾಗ ಯಾರೋ ಹಿಂದೆ ಬಂದಂತೆ ಆಗಿ ಎರಡು ಸಲ ತಿರುಗಿ ನೋಡಿದೆ.

ಚೀಲದ ತಳಕ್ಕೆ, ಸೀರೆಗಳ ಕೆಳಗೆ ಮುಚ್ಚಿಟ್ಟೆ. ವೈನಿಗೆ ಹೇಳಿದೆ. "ಕೊಡಬ್ಯಾಡ, ದೇವರಾಣಿ ಕೊಡಬ್ಯಾಡ" ಅಂದಳು. ಅಣ್ಣ ಅಂದ, "ಅದರಾಗೇನದ, ಕೊನೇ ಹಾಳಿ ಹರದು ಒಗದ್ರಾಯ್ತು. ಹೆಂಗೂ ಹಳೇ ಪುಸ್ತಕ." ಬ್ಯಾಂಕಿನವನ ಬುದ್ಧಿ. ಒಂದು ಕ್ಷಣ ನನಗೂ ಸರಿ ಅನ್ನಿಸಿತು. ಹಾಳೆ ಹಿಡಿದೂ ನೋಡಿದೆ. ಅಷ್ಟು ವರ್ಷ ಅರ್ಧ ಕಥೆ ಹೊತ್ತು ತಿರುಗಿದ ಮನುಷ್ಯನಿಗೆ ಮತ್ತೆ ಹರಕು ಕಥೆ ಕೊಡಲು ಕೈ ಬರಲಿಲ್ಲ.

ಆ ನಡುವೆ ಹುಣ್ಣಿಮೆ ಬಂತು. ನಮ್ಮ ಕಡೆ ಅದು ಕಾರಹುಣ್ಣಿಮೆ, ಎತ್ತುಗಳ ಹಬ್ಬ. ಇಲ್ಲಿಯವರಿಗೆ ವಟಪೂರ್ಣಿಮೆ, ಗಂಡನ ಆಯುಷ್ಯಕ್ಕೆ ಹೆಂಗಸರು ಆಲದ ಮರಕ್ಕೆ ನೂಲು ಸುತ್ತುವ ದಿನ. ನಾಸಿಕದಲ್ಲಿ ನೆರೆಯವರು ಕರೆದಾಗಲೆಲ್ಲ, "ಏಳು ಜನ್ಮಕ್ಕೂ ಇವರೇ ಬೇಕು ಅಂತ ಕೇಳಿಕೊಳ್ಳುವ ಮೊದಲು ಒಂದು ಜನ್ಮ ಪೂರಾ ನೋಡೋಣ ತಡೀರಿ" ಅಂತ ನಗಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಆ ದಿನ ವೈನಿಯ ಹಿಂದೆ ಸುಮ್ಮನೆ ಹೋದೆ. ಏನೂ ನಗೆ ಬರಲಿಲ್ಲ. ನೂಲು ತುಂಡಾಗಬಾರದು ಅಂತ ಬೆರಳು ಬಿಗಿ ಹಿಡಿದು, ಜನರ ಮೊಣಕೈ ತಿವಿದರೂ ಸಹಿಸಿ, ಮರ ಸುತ್ತಿದೆ.

ಮನೆಗೆ ಬಂದರೆ ಇವರು ಅಂಗಿ ಪ್ಯಾಂಟು ಹಾಕಿಕೊಂಡು, ತಮ್ಮ ಚೀಲ ಕಟ್ಟಿಕೊಂಡು ಕೂತಿದ್ದಾರೆ. ಮರುದಿನ ಆಸ್ಪತ್ರೆಗೆ ಸೇರಿಸುವುದಿತ್ತು.

"ಎಲ್ಲಿ ಹೊಂಟ್ರಿ?"

"ನಾಸಿಕಕ್ಕ. ಆಪರೇಷನ್ ಬ್ಯಾಡ."

ಅಣ್ಣ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ನಾನು ಇವರ ಎದುರಿಗೆ ನೆಲದ ಮೇಲೆ ಕೂತೆ.

"ಯಾಕ್ ಬ್ಯಾಡ?"

"ನೀ ಏನೋ ಮುಚ್ಚಿಡ್ಲಿಕತ್ತಿ. ನಾ ಬಂದ್ರ ನಿಮ್ಮ ವೈನಿ ಮಾತು ನಿಲ್ಲಸ್ತಾಳ. ನಿಮ್ಮಣ್ಣ ನನ್ನ ಮುಖ ನೋಡಂಗಿಲ್ಲ. ಯಾವ ವರ್ಷ ಇಲ್ಲದ್ದು ನೀ ಆಲದ ಮರ ಸುತ್ತಿ ಬಂದಿ. ಡಾಕ್ಟರ್ ನಿನಗ ಏನ್ ಹೇಳ್ಯಾನ? ಟೇಬಲ್ ಮ್ಯಾಲೇ ಹೋಗ್ತೀನಿ ಅಂದಾನೇನು? ಹಂಗಿದ್ರ ಮನ್ಯಾಗೇ ಹೋಗ್ತೀನಿ ಬಿಡು."

ಆಗ ನನಗೆ ನಿಜವಾದ ಹೆದರಿಕೆ ಬಂತು. ಆಪರೇಷನ್ ಇಲ್ಲದಿದ್ದರೆ ಯಾವ ಮೆಟ್ಟಿಲಿನ ಮೇಲೆ ಯಾವಾಗ ಕೂತುಬಿಡುತ್ತಾರೋ ಹೇಳಲಾಗದು ಅಂತ ಡಾಕ್ಟರು ಸ್ಪಷ್ಟ ಹೇಳಿದ್ದರು. ಇವರನ್ನು ಉಳಿಸಲಿಕ್ಕೆ ಅಂತ ನಾನು ಮುಚ್ಚಿಟ್ಟದ್ದೇ ಇವರನ್ನು ಮುಗಿಸಲಿಕ್ಕೆ ಹೊರಟಿತ್ತು. ಡಾಕ್ಟರು ಏನೂ ಹೇಳಿಲ್ಲ ಅಂದೆ. ನಂಬಲಿಲ್ಲ. ಮಗಳ ಆಣೆ ಇಟ್ಟೆ. ನಂಬಲಿಲ್ಲ. ಗಿರಾಕಿಯ ಕಣ್ಣು ನಾನು ಬಲ್ಲೆ. ಒಮ್ಮೆ ಸಂಶಯ ಹೊಕ್ಕಿತೋ, ಅಲ್ಲಿಂದ ಮುಂದೆ ಮಾತು ಹೆಚ್ಚಾದಷ್ಟೂ ವ್ಯಾಪಾರ ಕೆಡುತ್ತದೆ. ಮಾಲು ಬಿಚ್ಚಿ ತೋರಿಸುವುದೊಂದೇ ದಾರಿ.

ಎದ್ದು ಹೋಗಿ ಸೀರೆಗಳ ಕೆಳಗಿನಿಂದ ಪುಸ್ತಕ ತೆಗೆದು ಅವರ ತೊಡೆಯ ಮೇಲೆ ಇಟ್ಟೆ. "ಇದನ್ನ ಮುಚ್ಚಿಟ್ಟಿದ್ದೆ. ಬ್ಯಾರೆ ಏನೂ ಇಲ್ಲ."

ಅವರು ಹೆಸರು ನೋಡಿದರು. ಆರನೆಯದೂ ಸುಳ್ಳೇ ಇರಬಹುದು ಅನ್ನುವ ಮುಖದಲ್ಲಿ ತೆರೆದರು. ಆಮೇಲೆ ಹಾಳೆಗಳನ್ನು ಬೇಗ ಬೇಗ ತಿರುವಿದರು, ಒಂದು ಕಡೆ ನಿಂತರು. ತುಟಿ ಅಲುಗಾಡಿತು. "ಇಲ್ಲೇ. ಇಲ್ಲೇ ಮನಮಾಡ ಬಂದಿದ್ದು." ಮುಂದಿನ ಸಾಲಿಗೆ ಹೋಗುತ್ತಾರೇನೋ ಅಂತ ನಾನು ಅವರ ಬೆರಳನ್ನೇ ನೋಡಿದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಎಲ್ಲಿತ್ತು?"

"ಹೋಟಲ್ನ್ಯಾಗ."

"ಯಾಕ್ ಕೊಡಲಿಲ್ಲ?"

ನಾನು ಅವರ ಚೀಲ ಎಳೆದುಕೊಂಡು ಗಂಟು ಬಿಚ್ಚತೊಡಗಿದೆ.

"ಕೊನೀ ಹಾಳಿ ನೋಡಿದೇನು?"

"ನೋಡಿದೆ."

ಅಷ್ಟೇ. ಅವರಿಗೆ ತಿಳಿಯಿತು. ಪುಸ್ತಕ ಮುಚ್ಚಿ ಅದರ ಹರಿದ ಬೆನ್ನನ್ನು ಅಂಗೈಯಿಂದ ಸವರಿದರು. ಹೊರಗೆ ಯಾರ ಮನೆಯದೋ ಕುಕ್ಕರ್ ಕೂಗಿತು. ಆಮೇಲೆ ಕೇಳಿದರು, "ಬರೇ ಇದೇ ಏನು? ಡಾಕ್ಟರ್ ಏನೂ ಅಂದಿಲ್ಲ?"

"ಏನೂ ಅಂದಿಲ್ಲ."

"ಹುಚ್ಚಿ" ಅಂದರು. ಪುಸ್ತಕ ನನ್ನ ಕೈಗೆ ಕೊಟ್ಟು ಅಂಗಿಯ ಗುಂಡಿ ಬಿಚ್ಚತೊಡಗಿದರು. "ಇರಲಿ, ಇಟ್ಟುಕೋ. ಬಂದ ಮ್ಯಾಲೆ ನೋಡೂಣು."

ಆಪರೇಷನ್ನಿನ ದಿನ ಮಗಳೂ ಬಂದಿದ್ದಳು. ಒಳಗೆ ಕರೆದೊಯ್ಯುವಾಗ ಇವರು ಹಸಿರು ಬಟ್ಟೆಯಲ್ಲಿ ಯಾರದೋ ಮನೆಯ ಮಗುವಿನ ಹಾಗೆ ಕಾಣುತ್ತಿದ್ದರು. ಸಂಜೆಗೆ ಡಾಕ್ಟರು ಹೊರಗೆ ಬಂದು ಕೆಲಸ ಆಗಿದೆ ಅಂದರು. ಮರುದಿನ ಬೆಳಿಗ್ಗೆ ಎಚ್ಚರ ಆಗಬೇಕಿತ್ತು, ಆಗಲಿಲ್ಲ. ಉಸಿರಿನ ಯಂತ್ರ ತೆಗೆಯಲು ಆಗುತ್ತಿಲ್ಲ, ಕಾಯೋಣ ಅಂದರು. ಮರಾಠಿಯಲ್ಲಿ, "ವಾಟ್ ಬಘೂಯಾ." ಮಗಳು ಆ ಮಾತನ್ನು ನನಗೆ ಕನ್ನಡದಲ್ಲಿ ಹೇಳಲು ಹೋಗಿ, ಶಬ್ದ ಸಿಗದೆ ನನ್ನ ಭುಜ ಹಿಡಿದುಕೊಂಡಳು. ನನಗೆ ಮರಾಠಿ ಅವಳಷ್ಟೇ ಬರುತ್ತದೆ, ಅದು ಅವಳಿಗೂ ಗೊತ್ತು.

ಆ ಬೆಂಚಿನ ಮೇಲೆ ಕೂತು ನನಗೆ ಬಂದ ಯೋಚನೆಗಳನ್ನು ಯಾರ ಮುಂದೆಯೂ ಹೇಳಿಲ್ಲ. ಗಾಜಿನ ಬಾಗಿಲು ತೆರೆದಾಗಲೆಲ್ಲ ನನ್ನ ಹೆಸರು ಕೂಗುತ್ತಾರೆ ಅಂತ ಎದ್ದು ನಿಲ್ಲುತ್ತಿದ್ದೆ. ಬೇರೆಯವರ ಹೆಸರು ಕೂಗಿದರೆ ಸಮಾಧಾನ, ಆ ಸಮಾಧಾನಕ್ಕೆ ನಾಚಿಕೆ. ಒಂದು ಯೋಚನೆ ಮಾತ್ರ ಬಿಡದೆ ಕುಟ್ಟುತ್ತಿತ್ತು. ಪುಸ್ತಕ ಕೈಯಲ್ಲಿದ್ದೂ ಆ ಹೆಂಗಸು ಕೂಗಿದಳೋ ಇಲ್ಲವೋ ತಿಳಿಯದೆ ಇವರು ಒಳಗೆ ಹೋದರು. ಓದಿ ಬಿಡ್ರಿ ಅಂತ ನಾನಾದರೂ ಹೇಳಬಹುದಿತ್ತು. ಈಗ ಹೊರಗೆ ಬರದೇ ಹೋದರೆ?

ಚೀಲದಿಂದ ಪುಸ್ತಕ ತೆಗೆದೆ. ಹಗ್ಗದ ಹಾಳೆ ಹುಡುಕಿದೆ. ಅಲ್ಲಿಂದ ಮುಂದೆ ಓದತೊಡಗಿದೆ. ಒಂದು ಹಾಳೆಗೆ ಎಷ್ಟು ಹೊತ್ತು ಹಿಡಿಯಿತೋ. ಒತ್ತಕ್ಷರ ಬಂದಲ್ಲಿ ತಡವರಿಸಿ, ತುಟಿ ಅಲುಗಿಸಿ, ಬೆರಳು ಜಾರಿದರೆ ಮತ್ತೆ ಸಾಲಿನ ಮೊದಲಿಗೆ ಹೋಗಿ. ಪಕ್ಕದಲ್ಲಿ ಕೂತ ಮುದುಕಿ ಇದು ಯಾವ ಪೋಥಿ ಅಂತ ಕೇಳಿದಳು. ದೇವರ ಪುಸ್ತಕ ಓದುತ್ತಿದ್ದೇನೆ ಅಂತ ತಿಳಿದು ಕೈ ಮುಗಿದಳು. ನಾನು ಬೇಡ ಅನ್ನಲಿಲ್ಲ.

ಆಕೆ ಕೂಗಿದ್ದಳು. ಗಂಡ ಕೆಳಗಿನಿಂದ ಕೇಳಿಸಿಕೊಂಡ. ಹೆದರಿ ಹಗ್ಗಕ್ಕೆ ಜೋತುಬೀಳಲಿಲ್ಲ. ಬೇರೆ ಹಗ್ಗ ತಾ ಅಂದ. ಆಕೆ ಹೊಲ ದಾಟಿ ಓಡಿ ಹೋಗಿ ಬೇರೆ ಹಗ್ಗ ತಂದಳು, ಅವನು ಮೇಲೆ ಬಂದ. ಇಬ್ಬರೂ ದಂಡೆಯ ಮೇಲೆ ಕೂತು ರೊಟ್ಟಿ ತಿಂದರು. ಅದಾದ ಮೇಲೆ ಕಥೆ ಇನ್ನೂ ಬಹಳ ಇತ್ತು. ಅವರು ಇನ್ನೊಂದು ಊರಿಗೆ ಹೋದರು, ಜಗಳವಾಡಿದರು, ಒಂದು ಮಗು ಆಯಿತು, ಅವನು ಮತ್ತೆ ಬಾವಿಗಳಿಗೆ ಇಳಿದ. ಕೊನೆಯ ಹಾಳೆ ಎಲ್ಲೋ ದೂರದಲ್ಲಿತ್ತು. ಸಾವು ಒಂದನ್ನೇ ನೋಡಿ ಇಡೀ ಪುಸ್ತಕ ಸಾವು ಅಂತ ನಾನು ತಿಳಿದಿದ್ದೆ. ದ್ರಾಕ್ಷಿಗೆ ಸರಿಯಾದ ಪರೀಕ್ಷೆ ಎಲ್ಲದಕ್ಕೂ ಸರಿಯಾಗುವುದಿಲ್ಲ. ಇದನ್ನು ಬುದ್ಧಿವಾದ ಅಂತಲೇ ತೆಗೆದುಕೊಳ್ಳಿ.

ಮಧ್ಯಾಹ್ನದ ಮೇಲೆ ನನ್ನ ಹೆಸರು ಕೂಗಿದರು. ಪುಸ್ತಕದಲ್ಲಿ ಬೆರಳು ಸಿಕ್ಕಿಸಿಕೊಂಡೇ ಮಗಳ ಜೊತೆ ನಡೆದೆ. ಒಳಗೆ ಇವರ ಕಣ್ಣು ತೆರೆದಿದ್ದವು. ಗಂಟಲಿನ ನಳಿಗೆ ತೆಗೆದಿದ್ದರು, ದನಿ ಹೊರಡುತ್ತಿರಲಿಲ್ಲ. ನಾನು ಕಿವಿಯ ಹತ್ತಿರ ಬಾಗಿ, "ಆಕಿ ಕೂಗಿದಳ್ರಿ" ಅಂದೆ. ನರ್ಸು, ಏನು ಹೇಳಿದಿರಿ ಅಂತ ಮರಾಠಿಯಲ್ಲಿ ಕೇಳಿದಳು. ನಮ್ಮ ಮನೆಯ ಮಾತು ಅಂದೆ. ಇವರು ರೆಪ್ಪೆ ಮುಚ್ಚಿ ತೆರೆದರು.

ನಾಸಿಕಕ್ಕೆ ಬಂದ ಮೇಲೆ ಭಯ ಹೋಯಿತು ಅಂತ ತಿಳಿಯಬೇಡಿ. ಅದು ನಮ್ಮ ಜೊತೆಗೇ ಕಾರಿನಲ್ಲಿ ಬಂದಿತ್ತು. ಎದೆಯ ಎಲುಬು ಕೂಡುವ ತನಕ ಕೆಮ್ಮುವಾಗ, ಸೀನುವಾಗ ಎದೆಗೆ ದಿಂಬು ಒತ್ತಿ ಹಿಡಿಯಬೇಕು ಅಂತ ಹೇಳಿ ಕಳಿಸಿದ್ದರು. ಇವರು ಮನೆಯೊಳಗೆ ದಿಂಬು ಅಪ್ಪಿಕೊಂಡೇ ಓಡಾಡುತ್ತಿದ್ದರು. ಹೋಟೆಲಿನ ಮಾಲೀಕರು, ಮುಂದಿನ ತಪಾಸಣೆಗೆ ಬರುವಾಗ ತನ್ನಿ ಅಂತ ಪುಸ್ತಕವನ್ನು ಬಿಟ್ಟುಕೊಟ್ಟಿದ್ದರು, ಒತ್ತೆಯ ರೊಟ್ಟಿ ತಿಂದು ಮುಗಿಸಿದ್ದರಂತೆ. ಇವರು ಮೊದಲಿನಿಂದ ಓದತೊಡಗಿದರು, ದಿನಕ್ಕೆ ಇಷ್ಟಿಷ್ಟು. ನಾನು ಹಿತ್ತಲಿನಲ್ಲಿ ರೊಟ್ಟಿ ಬೇಯಿಸುವಲ್ಲಿಂದ ಹಾಳೆ ತಿರುವುವ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದೆ. ಎಡಗಡೆಯ ಹಾಳೆಗಳು ದಪ್ಪವಾಗುತ್ತಾ ಬಂದ ಹಾಗೆ ನನಗೆ ಒಳಗೊಳಗೆ ಕಸಿವಿಸಿ. ಗುಳಿಗೆ ತಗೊಂಡ್ರೇನ್ರಿ, ಸ್ವಲ್ಪ ಅಡ್ಡಾಡ್ರಿ, ಬಾಗಿಲಿಗೆ ಯಾರು ಬಂದ್ರು ನೋಡ್ರಿ ಅಂತ ಎಬ್ಬಿಸುತ್ತಿದ್ದೆ. "ಬಾಗಿಲಿಗೆ ಯಾರೂ ಇಲ್ಲ, ನಿನ್ನ ತಲ್ಯಾಗ ಬಂದಾರ" ಅನ್ನುತ್ತಿದ್ದರು.

ಒಂದು ಸಂಜೆ ಮುಗಿಯಿತು. ನಾನು ಒಳಗೆ ಜೋಳದ ಹಿಟ್ಟು ನಾದುತ್ತಿದ್ದೆ. ಇವರು ದಿಂಬು ಹಿಡಿದುಕೊಂಡು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಮೊದಲು ನೋಡಿದ್ದು ಹಣೆ. ಬೆವರು ಇರಲಿಲ್ಲ.

"ಹೋದ ಆತ" ಅಂದರು.

"ಹೂಂ."

"ಆಕಿ ಮುಂದ ಏನ್ ಮಾಡಿದಳು, ಬರದೇ ಇಲ್ಲ."

"ಪುಸ್ತಕ ಮುಗೀತಲ್ರಿ."

"ಪುಸ್ತಕ ಮುಗೀತು. ಆಕಿ ಎಲ್ಲಿ ಮುಗದಳು?" ದಿಂಬು ತೊಡೆಯ ಮೇಲೆ ಇಳಿಸಿಕೊಂಡು ಕೇಳಿದರು, "ನೀ ಏನ್ ಮಾಡ್ತಿ?"

ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಯಾವ ದವಾಖಾನೆ, ಯಾವ ಕಾಲೇಜು, ಯಾವ ಅಳಿಯ, ಕೇಳದಿದ್ದರೂ ಹೇಳುತ್ತೇನೆ. ಆ ಪ್ರಶ್ನೆಗೆ ಮಾತ್ರ ಹಿಟ್ಟಿಗೆ ಇನ್ನಷ್ಟು ನೀರು ಹಾಕಿದೆ. ಸಂಜೀ ಹೊತ್ತು ಇಂಥ ಮಾತು ಬ್ಯಾಡ ಅಂದೆ.

"ಬ್ಯಾಡ ಅಂದ್ರ ಹೋಗ್ತದೇನು? ನಿನ್ನ ಹೆದರಸ್ಲಿಕ್ಕ ಕೇಳಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡಾಗ ಏನಾಗ್ತದ, ನಿಮ್ಮಣ್ಣನ ಮನ್ಯಾಗ ನೋಡಿದ್ವಿ. ಹೇಳು, ನಾ ಇಲ್ಲಂದ್ರ ಇಲ್ಲೇ ಇರ್ತಿಯೋ, ಬೀದರಿಗೆ ಹೋಗ್ತಿಯೋ?"

ಹಿಟ್ಟಿನ ಮೇಲೆ ಕೈ ಒತ್ತಿ ನಿಂತೆ. "ಇಲ್ಲೇ" ಅಂದೆ. "ರೊಟ್ಟಿ ಕೆಲಸ ಅದ, ಹೆಂಗಸ್ರು ಇದ್ದಾರ, ಮಗಳದಾಳ. ಇಲ್ಲೇ ಇರ್ತೀನಿ." ಹೇಳಿ ಮುಗಿಸಿದಾಗ ನನ್ನ ಕೈ ಮತ್ತೆ ಹಿಟ್ಟು ನಾದುತ್ತಿತ್ತು. ಅದು ನನಗೇ ಆಶ್ಚರ್ಯ.

ಅವರು ತಲೆ ಅಲ್ಲಾಡಿಸಿದರು. ನಾನು ಸರಿಯಾಗಿ ಯೋಚಿಸಿದ್ದೇನೆ ಅನ್ನುವ ಹಾಗೆ. ಆಮೇಲೆ ಕೇಳಿದರು, "ಇಲ್ಲಿ ಇದ್ದು ಕನ್ನಡ ಯಾರ ಜೋಡಿ ಮಾತಾಡ್ತಿ?"

ಆಸ್ಪತ್ರೆಯ ಬೆಂಚಿನ ಮೇಲೆ ಎಂತೆಂಥ ಹೆದರಿಕೆ ಬಂದಿದ್ದವು. ಇದು ಬಂದಿರಲಿಲ್ಲ. ಹಿತ್ತಲಿನ ಹೆಂಗಸರ ಜೊತೆ ಮರಾಠಿ, ಅಂಗಡಿಯವರ ಜೊತೆ ಹಿಂದಿ. ಬೈಯುವುದು, ನಗುವುದು, ಕನಸಿನಿಂದ ಎದ್ದು ಹೇಳುವುದು ಎಲ್ಲ ಈ ಒಬ್ಬ ಮನುಷ್ಯನ ಜೊತೆಗೆ ಮಾತ್ರ ಅಂತ ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಹೊರಗಿನ ಕೋಣೆಯಲ್ಲಿ ಫೋನು ನೋಡುತ್ತಾ ಮಲಗಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನಿದ್ದೇನಲ್ಲ ಅಂತ ಅಲ್ಲಿಂದಲೇ ಹೇಳಿದಳು, ಮರಾಠಿಯಲ್ಲಿ: "ಮೀ ಆಹೇ ನಾ, ಅವ್ವಾ."

ಇವರಿಗೆ ನಗು ತಡೆಯಲಾಗಲಿಲ್ಲ. ದಿಂಬು ಎದೆಗೆ ಒತ್ತಿಕೊಂಡು, ಮುಖ ಕೆಂಪಾಗಿ, ಸದ್ದಿಲ್ಲದೆ ನಕ್ಕರು. ನಗುತ್ತಾ ಕೆಮ್ಮು ಬಂತು. "ಸಾವಕಾಶ್ರಿ, ಸಾವಕಾಶ ನಗ್ರಿ" ಅನ್ನುತ್ತಾ ನಾನು ಓಡಿಹೋಗಿ ಹಿಂದಿನಿಂದ ಹಿಡಿದುಕೊಂಡೆ. ಕೆಮ್ಮು ನಿಲ್ಲುವ ತನಕ ಹಿಟ್ಟಿನ ಕೈ ಅವರ ಬೆನ್ನ ಮೇಲಿಂದ ತೆಗೆಯಲಿಲ್ಲ.